ಅಪ್ಪನ 412 ಸಿಡಿಗಳು, ಒಂದು ಎಂಪಿ3

ಅಪ್ಪನ ಸಿಡಿಗಳು ಒಟ್ಟು 412. ಪುಣೆಯ ಕೋಥ್ರೂಡಿನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಸಾಗವಾನಿ ಕಪಾಟು ಇದೆ, ಅದರೊಳಗೆ ಐದು ಸಾಲು. ಗಾಯಕರ ಹೆಸರು ಹಿಡಿದು ಹುಡುಕಿದರೆ ಬೇಗ ಸಿಗುವುದಿಲ್ಲ. ಅಪ್ಪ ಅವನ್ನು ಹೊತ್ತಿನ ಪ್ರಕಾರ, ಯಾವ ರಾಗ ಯಾವ ಹೊತ್ತಿನದು ಅಂತ ನೋಡಿ, ಜೋಡಿಸಿದ್ದರು. ಮೇಲಿನ ಸಾಲು ನಸುಕಿನದು: ಲಲತ್, ಭೈರವ್, ತೋಡಿ. ಕೆಳಗಿಳಿದಂತೆ ಹೊತ್ತೂ ಇಳಿಯುತ್ತದೆ. ಭೀಮಪಲಾಸ್ ಮೂರನೇ ಸಾಲಿನ ಎಡಕ್ಕೆ, ಮಾರ್ವಾ ಅದೇ ಸಾಲಿನ ಬಲತುದಿಗೆ. ನಾಲ್ಕನೆಯದು ರಾತ್ರಿ. ಐದನೇ ಸಾಲಿನಲ್ಲಿ ದಾಸವಾಣಿ, ವಚನ, ಅಭಂಗ. "ಈಗ ಹೊತ್ತೆಷ್ಟು ಅನ್ನೂದು ಗೊತ್ತಿದ್ರ ಸಾಕು, ಕೈ ತಾನ ಹೋಗ್ತದ" ಅನ್ನುತ್ತಿದ್ದರು.

ಅಪ್ಪ ಧಾರವಾಡದವರು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಅಂತ 1974ರಲ್ಲಿ ಇಲ್ಲಿಗೆ ಬಂದರು. ಆದರೆ ಹಾಡಿನ ಮಟ್ಟಿಗೆ ಅವರು ಊರು ಬಿಟ್ಟೇ ಇರಲಿಲ್ಲ. ಗದಗಿನ ಕಡೆಯ ಭೀಮಸೇನ ಜೋಶಿ ಇಲ್ಲೇ ನೆಲೆಸಿದ್ದರು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಅವರು ಶುರು ಮಾಡಿದ ಉತ್ಸವ ಪ್ರತಿ ಡಿಸೆಂಬರಿಗೆ ನಡೆಯುತ್ತಿತ್ತು. ರಮಣಬಾಗ್ ಶಾಲೆಯ ಮೈದಾನದಲ್ಲಿ ಅಪ್ಪ ಒಂದು ಕಂಬಳಿ, ಒಂದು ಥರ್ಮಾಸ್ ಇಟ್ಟುಕೊಂಡು ನೆಲದ ಮೇಲೆ ಕೂತು ಕೇಳುತ್ತಿದ್ದರು. ಮನೆಗೆ ಬರುವಾಗ ಕೈಯಲ್ಲಿ ಎರಡೋ ಮೂರೋ ಸಿಡಿ. ಹಾಗೆ ಕೂಡಿದ ಕಪಾಟು ಅದು.

ಅಪ್ಪ ಹೋಗಿ ಮೂರು ವರ್ಷ ಆಯಿತು. ಕಳೆದ ಮಳೆಗಾಲದಲ್ಲಿ ಅವರ ಸಿಡಿ ಪ್ಲೇಯರ್ ಕೂಡ ನಿಂತಿತು. ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೊತ್ತುಕೊಂಡು ಹೋದೆ. ರಿಪೇರಿಯವನು ಬಿಚ್ಚಿ ನೋಡಿ, ಲೇಸರ್ ಹೋಗಿದೆ, ಈ ಭಾಗ ಈಗ ಬರುವುದಿಲ್ಲ ಅಂದ. ಅದೇ ಗಲ್ಲಿಯಲ್ಲಿ ಕಂಪ್ಯೂಟರಿಗೆ ಹಚ್ಚುವ ಒಂದು ಯುಎಸ್‌ಬಿ ಡ್ರೈವ್ ಕೊಂಡು ಮನೆಗೆ ಬಂದೆ. ಎಲ್ಲ ಸಿಡಿಗಳನ್ನೂ ರಿಪ್ ಮಾಡಿಬಿಡಬೇಕು, ಅಂದರೆ ಒಳಗಿನ ಹಾಡನ್ನು ಕಂಪ್ಯೂಟರಿನ ಫೈಲಾಗಿ ಎತ್ತಿಕೊಳ್ಳಬೇಕು ಅಂತ ತೀರ್ಮಾನಿಸಿದೆ.

ರಿಪ್ ಮಾಡುವುದು ಕಷ್ಟದ ಕೆಲಸ ಅಲ್ಲ. ಸಿಡಿ ಹಾಕಬೇಕು, ಬಟನ್ ಒತ್ತಬೇಕು. ಆದರೆ ಅದಕ್ಕೆ ಮೊದಲು ಪ್ರೋಗ್ರಾಮ್ ಒಂದು ಪ್ರಶ್ನೆ ಕೇಳುತ್ತದೆ: ಯಾವ ಫಾರ್ಮ್ಯಾಟ್? ಆ ಒಂದು ಪ್ರಶ್ನೆಗೆ ನಾನು ಮೂರು ವಾರ ತೆಗೆದುಕೊಂಡೆ. ಯಾಕೆಂದರೆ 2006ರಲ್ಲಿ ಅದಕ್ಕೆ ಒಂದೇ ಸೆಕೆಂಡಿನಲ್ಲಿ ಉತ್ತರ ಕೊಟ್ಟಿದ್ದೆ.

ಆಗ ನಾನು ಕೆಲಸಕ್ಕೆ ಸೇರಿ ಒಂದು ವರ್ಷ. ಮೊದಲ ಲ್ಯಾಪ್‌ಟಾಪ್ ಕೊಂಡಿದ್ದೆ, ಅದರಲ್ಲಿ 80 ಜಿಬಿ ಜಾಗ. ಅಪ್ಪನ ಹತ್ತಿರ ಆಗ 260 ಸಿಡಿ ಇದ್ದವು. ಅವರಿಗೆ ಖುಷಿ ಆಗಲಿ ಅಂತ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿದೆ. ಪ್ರೋಗ್ರಾಮಿನಲ್ಲಿ ಮೊದಲೇ ಇದ್ದ ಆಯ್ಕೆ 128 ಕೆಬಿಪಿಎಸ್ ಎಂಪಿ3. ಅದು ಏನು ಅಂತ ನೋಡಲೂ ಇಲ್ಲ, ಸರಿ ಅಂತ ಒತ್ತಿದೆ. ಎರಡು ತಿಂಗಳು ರಾತ್ರಿ ಕೂತು ಮುಗಿಸಿದೆ. ಒಂದು ಭಾನುವಾರ ಅಪ್ಪನನ್ನು ಕೂರಿಸಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಐದು ನಿಮಿಷ ಕೇಳಿದರು. ಆಮೇಲೆ ಹೇಳಿದ್ದು ಒಂದೇ ಮಾತು: "ಹಾಡು ಬರೋಬ್ಬರಿ ಐತಿ. ತಂಬೂರಿ ಯಾಕೋ ತೊಯ್ದಂಗ ಕೇಳಸ್ತದವಾ."

ಸ್ಪೀಕರ್ ಸಣ್ಣದು ಅಪ್ಪಾ, ಅದಕ್ಕೇ ಅಂದೆ. ಅವರು ಸರಿ ಅಂತ ತಲೆ ಆಡಿಸಿ ಎದ್ದು ಹೋದರು. ಮತ್ತೆ ಲ್ಯಾಪ್‌ಟಾಪಿನ ಹತ್ತಿರ ಬರಲಿಲ್ಲ. ತಮ್ಮ ಪ್ಲೇಯರ್‌ನಲ್ಲೇ ಕೊನೆಯವರೆಗೂ ಕೇಳಿದರು.

ಸ್ಪೀಕರ್‌ನ ತಪ್ಪು ಅಲ್ಲ ಅದು. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತದೆ. ಒಂದೊಂದು ಅಳತೆಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಲೆಕ್ಕ ಹಾಕಿದರೆ ಸೆಕೆಂಡಿಗೆ 1,411 ಕಿಲೋಬಿಟ್, ನಿಮಿಷಕ್ಕೆ ಸುಮಾರು 10 ಎಂಬಿ. 128 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 128 ಕಿಲೋಬಿಟ್, ಅದರಲ್ಲಿ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟ ಹಾಗೆ. ಏನನ್ನು ಬಿಡಬೇಕು ಅನ್ನುವುದರಲ್ಲಿ ಎಂಪಿ3 ಜಾಣತನ ತೋರಿಸುತ್ತದೆ. ಜೋರು ಸದ್ದಿನ ಪಕ್ಕದಲ್ಲಿರುವ ಮೆಲ್ಲನೆಯ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಹಾಗಾಗಿ ಅದನ್ನು ಕಡಿಮೆ ಬಿಟ್‌ಗಳಲ್ಲಿ ಒರಟಾಗಿ ಬರೆದರೂ ನಡೆಯುತ್ತದೆ ಅನ್ನುವುದು ಅದರ ತಳಹದಿ. ಹೆಚ್ಚಿನ ಹಾಡುಗಳಿಗೆ ಈ ಲೆಕ್ಕ ಸರಿಹೋಗುತ್ತದೆ. ತಂಬೂರಿಗೆ ಹೋಗುವುದಿಲ್ಲ. ತಂತಿ ಮೀಟಿದಾಗ ಜವಾರಿಯಿಂದ (ತಂತಿ ತಾಗಿ ಝೇಂಕರಿಸುವ ಕುದುರೆಯ ಮೈ) ಏಳುವ ನೂರು ಸಣ್ಣ ಎಳೆಗಳೇ ತಂಬೂರಿ. ಕಡಿಮೆ ಬಿಟ್‌ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಬಿಟ್ ಕಡಿಮೆ ಇದ್ದಾಗ, ಎಂಪಿ3 ಒಂದು ಕ್ಷಣ ಒಂದು ಎಳೆಯನ್ನು ಇಟ್ಟುಕೊಳ್ಳುತ್ತದೆ, ಮರುಕ್ಷಣ ಬಿಡುತ್ತದೆ. ಎಳೆಗಳು ಬಂದು ಹೋಗಿ ಮಾಡಿದಾಗ ನೀರೊಳಗಿಂದ ಕೇಳಿದಂತೆ ಆಗುತ್ತದೆ. ಅಪ್ಪನಿಗೆ ಬಿಟ್‌ರೇಟ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ "ತೊಯ್ದಂಗ" ಅನ್ನುವುದಕ್ಕಿಂತ ಸರಿಯಾದ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.

ಎಂಪಿ3ಯನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅದರ ಮಾನಕ ಪ್ರಕಟವಾದದ್ದು 1993ರಲ್ಲಿ. ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ ತೆವಳುತ್ತಿದ್ದ ಕಾಲಕ್ಕೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಎಂಪಿ3 ಮಾಡಿಕೊಡುವ ಈಗಿನ ಲೇಮ್ ಅನ್ನುವ ಪ್ರೋಗ್ರಾಮಿನ ಕೈಯಲ್ಲಿ ಕೊಟ್ಟು, ಸ್ವಲ್ಪ ಜಾಸ್ತಿ ಬಿಟ್‌ರೇಟ್ ಇಟ್ಟರೆ ಎಂಪಿ3 ತುಂಬಾ ಚೆನ್ನಾಗಿರುತ್ತದೆ. ಇದನ್ನು ನಾನು ಕೇಳಿಯೇ ಹೇಳುತ್ತಿದ್ದೇನೆ. ದೀಪಾವಳಿಗೆ ತಮ್ಮ ಬಂದಿದ್ದಾಗ ಇಬ್ಬರೂ ಪರೀಕ್ಷೆ ಮಾಡಿದೆವು. ಒಂದೇ ತುಣುಕು ಮೂರು ಥರ: ಸಿಡಿಯಲ್ಲಿ ಇದ್ದ ಹಾಗೆ, 320 ಕೆಬಿಪಿಎಸ್ ಎಂಪಿ3, ನನ್ನ 2006ರ ಎಂಪಿ3. ಯಾವುದು ಬರುತ್ತಿದೆ ಅಂತ ಹೇಳದೆ ಅವನು ಹಚ್ಚಬೇಕು, ಹೆಡ್‌ಫೋನ್ ಹಾಕಿಕೊಂಡು ನಾನು ಗುರುತು ಹಿಡಿಯಬೇಕು. 2006ರದ್ದನ್ನು 16ರಲ್ಲಿ 15 ಸಲ ಹಿಡಿದೆ. 320 ಮತ್ತು ಸಿಡಿಯ ನಡುವೆ 16ರಲ್ಲಿ 9. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

"ಮತ್ತ ಏನು ಅಕ್ಕಾ, 320 ಸಾಕಲ್ಲ? ಸುಮ್ನೆ ಯಾಕ ಜಾಗ ಹಾಳ ಮಾಡ್ತಿ?" ಅಂದ.

ಅವನ ಮಾತಿನಲ್ಲಿ ತಪ್ಪಿಲ್ಲ. ಕೇಳುವುದಕ್ಕೆ ಮಾತ್ರ ಆದರೆ ಸಾಕು. ನನಗೆ ಸಮಾಧಾನ ಆಗದೆ ಇದ್ದದ್ದು ಬೇರೆ ಕಾರಣಕ್ಕೆ. ನಮ್ಮ ಅಜ್ಜಿಯ ಮನೆಯಲ್ಲಿ ಜೋಳವನ್ನು ಕಾಳಾಗಿಯೇ ಇಡುತ್ತಿದ್ದರು. ಆ ವಾರಕ್ಕೆ ಎಷ್ಟು ಬೇಕೋ ಅಷ್ಟು ಗಿರಣಿಗೆ ಹೋಗುತ್ತಿತ್ತು. ಕಾಳು ಇದ್ದರೆ ಹಿಟ್ಟು ಬೀಸಬಹುದು, ನುಚ್ಚು ಒಡೆಯಬಹುದು, ಬಿತ್ತಲೂಬಹುದು. ಹಿಟ್ಟು ಮಾಡಿಬಿಟ್ಟರೆ ಮುಗಿಯಿತು. ಎಂಪಿ3 ಎಷ್ಟೇ ಚೆನ್ನಾಗಿರಲಿ, ಅದು ಹಿಟ್ಟು. ನಾಳೆ ಇದಕ್ಕಿಂತ ಒಳ್ಳೆಯ ಫಾರ್ಮ್ಯಾಟ್ ಬಂದಾಗ ಎಂಪಿ3ಯಿಂದ ಅದಕ್ಕೆ ಬದಲಾಯಿಸಿದರೆ, ಇಲ್ಲಿ ಬಿಟ್ಟದ್ದರ ಮೇಲೆ ಅಲ್ಲೂ ಒಂದಷ್ಟು ಬಿಡುತ್ತದೆ. ಪ್ರತಿ ಸಲವೂ ಕಳೆದುಕೊಳ್ಳುತ್ತಲೇ ಹೋಗಬೇಕು. ಆಗ ಮತ್ತೆ ಸಿಡಿಗೇ ಹೋಗೋಣ ಅಂದರೆ ಸಿಡಿ ಇರುತ್ತದೆ ಅನ್ನುವ ಭರವಸೆ ಇಲ್ಲ. ಇದ್ದರೂ ಅದನ್ನು ಓದುವ ಡ್ರೈವ್ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಅದಕ್ಕೇ ಫ್ಲ್ಯಾಕ್. ಜಾಶ್ ಕೋಲ್ಸನ್ ಅನ್ನುವವರು ಬರೆದ ಫಾರ್ಮ್ಯಾಟ್ ಇದು. ಮೊದಲ ಪೂರ್ಣ ಆವೃತ್ತಿ 2001ರಲ್ಲಿ ಬಂತು. ಇದು ಏನನ್ನೂ ಬಿಡುವುದಿಲ್ಲ. ಹಿಂದಿನ ಅಳತೆಗಳನ್ನು ನೋಡಿ ಮುಂದಿನದು ಎಷ್ಟು ಇರಬಹುದು ಅಂತ ಊಹೆ ಮಾಡುತ್ತದೆ. ಊಹೆಗೂ ನಿಜಕ್ಕೂ ಎಷ್ಟು ವ್ಯತ್ಯಾಸವೋ ಅದನ್ನು ಮಾತ್ರ ಬರೆದಿಡುತ್ತದೆ. ಊಹೆ ಚೆನ್ನಾಗಿದ್ದಷ್ಟೂ ಫೈಲ್ ಚಿಕ್ಕದು. ಮರಳಿ ಬಿಚ್ಚಿದಾಗ ಸಿಡಿಯಲ್ಲಿ ಇದ್ದದ್ದು ಒಂದು ಬಿಟ್ಟೂ ತಪ್ಪದೆ ಬರುತ್ತದೆ. ಯಾರಿಗೂ ಲೈಸೆನ್ಸ್ ದುಡ್ಡು ಕೊಡಬೇಕಿಲ್ಲ. ಎಲ್ಲ ವಿವರವೂ ಬಹಿರಂಗವಾಗಿದೆ. 2024ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 9639 ಅನ್ನುವ ಇಂಟರ್‌ನೆಟ್ ಮಾನಕವಾಗಿಯೂ ಪ್ರಕಟವಾಯಿತು. ಅಂದರೆ ಇವತ್ತಿನ ಪ್ರೋಗ್ರಾಮ್‌ಗಳೆಲ್ಲ ಮರೆಯಾದರೂ, ಆ ಬರಹ ಇಟ್ಟುಕೊಂಡು ಯಾರಾದರೂ ಹೊಸದಾಗಿ ಬರೆಯಬಹುದು.

ನನ್ನನ್ನು ಗೆದ್ದದ್ದು ಇನ್ನೊಂದು ಸಣ್ಣ ವಿಷಯ. ಪ್ರತಿ ಫ್ಲ್ಯಾಕ್ ಫೈಲಿನ ಶುರುವಿನಲ್ಲೇ ಒಳಗಿನ ಧ್ವನಿಯಿಂದಲೇ ಲೆಕ್ಕ ಹಾಕಿದ, ಬೆರಳಚ್ಚಿನಂಥ ಒಂದು ಎಂಡಿ5 ಗುರುತು ಬರೆದಿರುತ್ತದೆ. ಹತ್ತು ವರ್ಷ ಬಿಟ್ಟು ಒಂದು ಆದೇಶ ಕೊಟ್ಟರೆ, ಫೈಲ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಕೆಟ್ಟಿದ್ದೇನೋ ಇಲ್ಲವೋ ಅಂತ ಹೇಳುತ್ತದೆ. ಹಾರ್ಡ್ ಡಿಸ್ಕ್ ಹಳತಾದಂತೆ ಒಳಗಿನದು ಸದ್ದಿಲ್ಲದೆ ಕೆಡುವುದುಂಟು. ಆಗ ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದೇ ದೊಡ್ಡ ವಿಷಯ ಅಲ್ವಾ?

ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗೆ ಹಂತಗಳಿವೆ. ಇವು ಗುಣಮಟ್ಟದ ಹಂತಗಳಲ್ಲ, ಎಷ್ಟು ಹೊತ್ತು ಯೋಚಿಸಿ ಚಿಕ್ಕದು ಮಾಡಬೇಕು ಅನ್ನುವುದು ಅಷ್ಟೇ. ಧ್ವನಿ ಎಲ್ಲದರಲ್ಲೂ ಒಂದೇ. ನಾನು 8 ಇಟ್ಟೆ.

ಎಲ್ಲ ಸಿಡಿಗಳೂ ಒಂದೇ ಅಳತೆಗೆ ಕುಗ್ಗುವುದಿಲ್ಲ. ನಮ್ಮ ಕಪಾಟಿನಲ್ಲಿ ಸರಾಸರಿ ಅರ್ಧಕ್ಕೆ ಇಳಿದವು. ಆದರೆ ಹಳೆಯ ರೇಡಿಯೊ ಧ್ವನಿಮುದ್ರಣದ ಒಂದು ಸಿಡಿ 600 ಎಂಬಿಯಿಂದ 170ಕ್ಕೆ ಇಳಿಯಿತು. ಏನೋ ತಪ್ಪಾಗಿದೆ ಅಂತ ಗಾಬರಿಯಾಗಿ ಎರಡು ಸಲ ಪರೀಕ್ಷಿಸಿದೆ. ತಪ್ಪಿರಲಿಲ್ಲ. ಅದು ಒಂದೇ ಮೈಕಿನ ಮೋನೊ. ಎಡಕ್ಕೂ ಬಲಕ್ಕೂ ಅದೇ ಧ್ವನಿ. ಎರಡೂ ಒಂದೇ ಅಂತ ಫ್ಲ್ಯಾಕ್‌ಗೆ ಗೊತ್ತಾದ ಕೂಡಲೇ ಒಂದನ್ನೇ ಬರೆದು ಮುಗಿಸುತ್ತದೆ. ಅದಕ್ಕೂ ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ಎತ್ತಿದ ಸಿಡಿಗಳು ಇದಕ್ಕೆ ತದ್ವಿರುದ್ಧ. ತಟ್ಟೆಯ ಚರಚರ ಸದ್ದನ್ನು ಊಹಿಸುವುದಕ್ಕೆ ಬರುವುದಿಲ್ಲ, ಹಾಗಾಗಿ ಫೈಲ್ ಅಷ್ಟಾಗಿ ಕುಗ್ಗುವುದಿಲ್ಲ. ಮೂರು ನಿಮಿಷದ ಹಾಡಿಗಿಂತ ಆ ಚರಚರಕ್ಕೇ ಜಾಸ್ತಿ ಜಾಗ ಹೋಗುತ್ತದೆ. ಹೋಗಲಿ. ಆ ಸದ್ದಿನ ಸಮೇತವೇ ಅಪ್ಪ ಅದನ್ನು ಪ್ರೀತಿಸಿದ್ದು.

ಬೇರೆ ಆಯ್ಕೆಗಳನ್ನೂ ನೋಡಿದೆ. ವೇವ್ ಫೈಲಿನಲ್ಲೂ ಎಲ್ಲ ಇರುತ್ತದೆ, ಆದರೆ ಜಾಗ ಎರಡರಷ್ಟು. ಅದರಲ್ಲಿ ಹೆಸರು, ವಿವರ ಬರೆದರೆ ಒಂದು ಪ್ರೋಗ್ರಾಮ್ ಓದುತ್ತದೆ, ಇನ್ನೊಂದು ಓದುವುದಿಲ್ಲ. ಆಪಲ್‌ನವರ ಅಲ್ಯಾಕ್ ಕೂಡ ಏನೂ ಬಿಡದ ಫಾರ್ಮ್ಯಾಟೇ. 2004ರಲ್ಲಿ ಬಂತು, 2011ರಲ್ಲಿ ಅದನ್ನೂ ಎಲ್ಲರಿಗೂ ತೆರೆದರು. ತಮ್ಮನ ಹತ್ತಿರ ಇರುವುದು ಐಫೋನ್. ಅವನಿಗೆ ಬೇಕಾದ 50 ಸಿಡಿಗಳನ್ನು ಅಲ್ಯಾಕ್‌ಗೆ ಬದಲಾಯಿಸಿ ಕೊಟ್ಟೆ. ಕಾಳಿನಿಂದ ಕಾಳಿಗೆ, ಏನೂ ಉದುರುವುದಿಲ್ಲ. ನನ್ನ ಫೋನಿಗೆ 128 ಕೆಬಿಪಿಎಸ್‌ನ ಓಪಸ್ (ಇದೂ ಎಂಪಿ3ಯಂತೆ ಒಂದಷ್ಟು ಬಿಟ್ಟು ಚಿಕ್ಕದು ಮಾಡುವ ಫಾರ್ಮ್ಯಾಟ್) ಮಾಡಿಕೊಂಡೆ. 2006ರ ಎಂಪಿ3ಗೆ ಇದ್ದದ್ದೂ ಅದೇ ಅಂಕಿ, ಆದರೆ ಓಪಸ್ 2012ರದ್ದು, ತುಂಬಾ ಮುಂದೆ ಬಂದಿದೆ. ಬಸ್ಸಿನಲ್ಲಿ ಕೇಳುವುದಕ್ಕೆ ತಂಬೂರಿ ಒಣಗಿಯೇ ಇರುತ್ತದೆ.

ಒಂದು ಅಂಗಡಿಯಲ್ಲಿ, ಸಿಡಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ಗೆ ಏರಿಸಿ ಇಡಿ, ಇನ್ನೂ ಚೆನ್ನಾಗಿ ಕೇಳುತ್ತದೆ ಅಂತ ಹೇಳಿದರು. ಪಾವು ಹಾಲನ್ನು ಕೊಡಕ್ಕೆ ಸುರಿದರೆ ಹಾಲು ಹೆಚ್ಚಾಗುವುದಿಲ್ಲ. ಸಿಡಿಯಲ್ಲಿ 16 ಬಿಟ್ ಇದೆ, 16 ಬಿಟ್ಟನ್ನೇ ಇಡಬೇಕು.

ಈಗ ಎರಡು ಟ್ರ್ಯಾಕ್‌ಗಳ ನಡುವೆ ಹಾಡು ತುಂಡಾಗುವ ವಿಷಯ. ನಮ್ಮ ಹಾಡು ಕೇಳುವವರು ಫಾರ್ಮ್ಯಾಟ್ ಆರಿಸುವಾಗ ಇದನ್ನು ಮೊದಲು ನೋಡಬೇಕು ಅಂತ ನನಗೆ ಅನ್ನಿಸುತ್ತದೆ. ಖಯಾಲ್ ಗಾಯನದ ಸಿಡಿಗಳಲ್ಲಿ ನಿಧಾನದ ವಿಲಂಬಿತ ಒಂದು ಟ್ರ್ಯಾಕ್, ವೇಗದ ದ್ರುತ ಇನ್ನೊಂದು. ಆದರೆ ಗಾಯಕರು ನಡುವೆ ನಿಲ್ಲಿಸಿರುವುದಿಲ್ಲ. ತಂಬೂರಿ ನಡೆದೇ ಇರುತ್ತದೆ, ತಬಲಾದವರು ಲಯ ಏರಿಸುತ್ತಾರೆ, ಅಲ್ಲೇ ಎಲ್ಲೋ ಸಿಡಿ ಮಾಡಿದವರು ಗೆರೆ ಎಳೆದಿರುತ್ತಾರೆ. ಸಿಡಿ ಪ್ಲೇಯರ್‌ನಲ್ಲಿ ಆ ಗೆರೆ ಕೇಳಿಸುವುದಿಲ್ಲ. ನನ್ನ 2006ರ ಎಂಪಿ3ಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಒಂದು ಸಣ್ಣ ಮೌನ, ಆಮೇಲೆ "ಟಕ್". ಅರ್ಧ ಗಂಟೆ ಕಟ್ಟಿದ ರಾಗ ಅಲ್ಲಿ ಮುಗ್ಗರಿಸುತ್ತದೆ.

ಕಾರಣ ಸರಳ. ಸಿಡಿಯಲ್ಲಿ ಧ್ವನಿ 588 ಅಳತೆಗಳ ಕಟ್ಟುಗಳಾಗಿ ಇರುತ್ತದೆ, ಸೆಕೆಂಡಿಗೆ 75 ಕಟ್ಟು. ಟ್ರ್ಯಾಕಿನ ಗೆರೆ ಯಾವುದೋ ಒಂದು ಕಟ್ಟಿನ ಕೊನೆಗೆ ಬೀಳುತ್ತದೆ. ಎಂಪಿ3 ಮಾತ್ರ 1,152 ಅಳತೆಗಳ ಕಟ್ಟು ಕಟ್ಟುತ್ತದೆ. ಎರಡೂ ಕೂಡಿಬರುವುದಿಲ್ಲ. ಕೊನೆಯ ಕಟ್ಟು ತುಂಬದಿದ್ದರೆ ಮೌನ ತುಂಬಿಸುತ್ತದೆ, ಮೊದಲಲ್ಲೂ ಒಂದಿಷ್ಟು ಸೇರಿಸುತ್ತದೆ. ಲೇಮ್‌ನವರು ಎಷ್ಟು ತುಂಬಿಸಿದ್ದೇವೆ ಅಂತ ಫೈಲಿನೊಳಗೆ ಬರೆದಿಡುವ ದಾರಿ ಕಂಡುಕೊಂಡರು. ಅದನ್ನು ಓದಬಲ್ಲ ಪ್ಲೇಯರ್ ಆ ಮೌನವನ್ನು ಹಾರಿಸುತ್ತದೆ, ಓದದ ಪ್ಲೇಯರ್ ಹಾಗೇ ಕೇಳಿಸುತ್ತದೆ. ಫ್ಲ್ಯಾಕ್‌ನಲ್ಲಿ ಇದರ ತಾಪತ್ರಯವೇ ಇಲ್ಲ. ಎಷ್ಟು ಅಳತೆ ಇತ್ತೋ ಅಷ್ಟೇ ಇರುತ್ತದೆ. ಹೊಸದಾಗಿ ರಿಪ್ ಮಾಡಿದ ಮೇಲೆ ಮೊದಲು ಕೇಳಿದ್ದು ಇದನ್ನೇ. ಒಂದು ಪೂರಿಯಾದ ವಿಲಂಬಿತದ ಕೊನೆಯ ಎರಡು ನಿಮಿಷ. ಗೆರೆ ಬರುವ ಹೊತ್ತಿಗೆ ಉಸಿರು ಹಿಡಿದು ಕೂತಿದ್ದೆ. ಗೆರೆ ಎಲ್ಲಿ ಬಂತು, ಎಲ್ಲಿ ಹೋಯಿತು ತಿಳಿಯಲಿಲ್ಲ. ದ್ರುತ ಶುರುವಾಗಿಬಿಟ್ಟಿತ್ತು.

ಫಾರ್ಮ್ಯಾಟ್ ಸರಿ ಇದ್ದು ಓದುವುದೇ ತಪ್ಪಾದರೆ? ಕಂಪ್ಯೂಟರಿನ ಫೈಲ್ ಇರುವ ಸಿಡಿಯಲ್ಲಿ ತಪ್ಪು ತಿದ್ದುವುದಕ್ಕೆ ಒಂದು ಹೆಚ್ಚಿನ ಪದರ ಇರುತ್ತದೆ. ಹಾಡಿನ ಸಿಡಿಯಲ್ಲಿ ಅದು ಇಲ್ಲ, ಆ ಜಾಗವೆಲ್ಲ ಧ್ವನಿಗೇ ಹೋಗಿರುತ್ತದೆ. ಸಣ್ಣ ಗೀರನ್ನು ಸಿಡಿ ತಾನೇ ಸರಿಮಾಡಿಕೊಳ್ಳುತ್ತದೆ. ಗೀರು ದೊಡ್ಡದಾದರೆ ಡ್ರೈವ್ ಅಕ್ಕಪಕ್ಕ ನೋಡಿ ಅಂದಾಜಿಗೆ ತುಂಬಿಸಿ ಮುಂದೆ ಹೋಗುತ್ತದೆ, ಯಾರಿಗೂ ಹೇಳುವುದಿಲ್ಲ. ಅದಕ್ಕೇ ಎಕ್ಸ್ಯಾಕ್ಟ್ ಆಡಿಯೊ ಕಾಪಿ ಅನ್ನುವ ಪ್ರೋಗ್ರಾಮ್ ಬಳಸಿದೆ. ಅದು ಸಂಶಯ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಆಮೇಲೆ ಅಕ್ಯುರೇಟ್‌ರಿಪ್ ಅನ್ನುವ ಪಟ್ಟಿಯಲ್ಲಿ ಬೇರೆಯವರು ಅದೇ ಸಿಡಿಯನ್ನು ಓದಿದಾಗ ಬಂದ ಗುರುತಿನ ಜೊತೆ ಹೋಲಿಸುತ್ತದೆ. ನಮ್ಮ ಸಿಡಿಗಳಲ್ಲಿ ಬಹಳಷ್ಟು ಆ ಪಟ್ಟಿಯಲ್ಲಿ ಇರಲಿಲ್ಲ. ದಾಸವಾಣಿಯ ಸಾಲಿನಲ್ಲಂತೂ ಒಂದೂ ಇಲ್ಲ. ಅಂಥವನ್ನು ಎರಡು ಸಲ ಓದಿಸಿ, ಎರಡೂ ಸಲ ಒಂದೇ ಗುರುತು ಬಂದರೆ ಮಾತ್ರ ಮುಂದಕ್ಕೆ ಹೋದೆ. ದಿನಕ್ಕೆ ನಾಲ್ಕು, ಭಾನುವಾರ ಹತ್ತು. ಮೂರು ತಿಂಗಳು ಹಿಡಿಯಿತು.

ಅವ್ವ ಆ ಮೂರು ತಿಂಗಳೂ ನನ್ನ ಪಕ್ಕದಲ್ಲೇ ಇದ್ದಳು. ಶುರುವಿನಲ್ಲಿ, "ಅದೇನವ್ವಾ ಹಗಲೆಲ್ಲಾ ಗರಗರ ಅಂತದ, ತಲಿ ತಿರುಗ್ತದ" ಅನ್ನುತ್ತಿದ್ದಳು. ಟ್ಯಾಗ್, ಅಂದರೆ ಫೈಲಿನೊಳಗೆ ಹಾಡಿನ ವಿವರ, ಬರೆಯುವ ಹೊತ್ತಿಗೆ ಕುರ್ಚಿ ಎಳೆದುಕೊಂಡು ಬಂದಳು.

ಅಪ್ಪ ಪ್ರತಿ ಸಿಡಿಯ ಒಳಗಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಏನಾದರೂ ಬರೆದಿರುತ್ತಿದ್ದರು. ಸಣ್ಣ, ಬಾಗಿದ ಅಕ್ಷರ. ತಾರೀಖು, ಬೆಲೆ, ಕೊಂಡ ಜಾಗ. ಕೆಲವು ಕಡೆ ಒಂದು ಸಾಲು. ಮಾರ್ವಾದ ಒಂದು ಸಿಡಿಯಲ್ಲಿ: "ಸಂಜಿ 6. ಒಬ್ಬನ ಕೂತು ಕೇಳಬ್ಯಾಡ." ಒಂದು ತೋಡಿಯಲ್ಲಿ: "ಧೈವತ ನೋಡು." ಇನ್ನೊಂದರಲ್ಲಿ ಬರೇ "ಮನ್ಸೂರ ಮಾಸ್ತರ್ ನೆನಪು." ಅದರ ಕವರ್ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಹೆಸರೇ ಇಲ್ಲ, ಹಾಡಿದವರು ಬೇರೆ. ಯಾಕೆ ನೆನಪಾಯಿತೋ, ಈಗ ಕೇಳುವುದಕ್ಕೆ ಅಪ್ಪ ಇಲ್ಲ.

ಇದೆಲ್ಲ ಎಲ್ಲಿ ಹೋಗಬೇಕು? 2006ರ ನನ್ನ ಫೋಲ್ಡರ್‌ಗಳಲ್ಲಿ ಇದ್ದದ್ದು "ಟ್ರ್ಯಾಕ್ 01, ಟ್ರ್ಯಾಕ್ 02" ಮಾತ್ರ. ಫ್ಲ್ಯಾಕ್‌ನಲ್ಲಿ ವಿವರ ಬರೆಯುವ ಪದ್ಧತಿ ತುಂಬಾ ಉದಾರ. ಹೆಸರು, ಆಲ್ಬಂ, ವರ್ಷ ಅಂತ ಗೊತ್ತಾದ ಖಾನೆಗಳ ಜೊತೆಗೆ ನಮಗೆ ಬೇಕಾದ ಖಾನೆಯನ್ನು ನಾವೇ ಮಾಡಿಕೊಳ್ಳಬಹುದು. ಖಾನೆಯ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಒಳಗೆ ಬರೆಯುವುದು ಕನ್ನಡದಲ್ಲಿ ಇರಬಹುದು. ರಾಗ, ತಾಳ, ಹೊತ್ತು ಅಂತ ಮೂರು ಖಾನೆ ಮಾಡಿದೆ. ನಾಲ್ಕನೆಯದು ಅಪ್ಪನ ಟಿಪ್ಪಣಿ. ಹೊತ್ತಿನ ಖಾನೆ ಇಟ್ಟುಕೊಂಡು ಪಟ್ಟಿ ಮಾಡಿದರೆ ಪರದೆಯ ಮೇಲೂ ಅದೇ ಐದು ಸಾಲಿನ ಕಪಾಟು ಬರುತ್ತದೆ.

ಇಂಟರ್‌ನೆಟ್‌ನಿಂದ ತಾನಾಗಿ ಬರುವ ಹೆಸರುಗಳನ್ನು ನಂಬಬೇಡಿ. ಒಂದೇ ರಾಗ ನಾಲ್ಕು ಕಾಗುಣಿತದಲ್ಲಿ ಬರುತ್ತದೆ, ಹಾಡಿದವರ ಜಾಗದಲ್ಲಿ ತಬಲಾದವರ ಹೆಸರು ಇರುತ್ತದೆ. ಕವರ್ ನೋಡಿಕೊಂಡು ಕೈಯಿಂದಲೇ ಬರೆಯಬೇಕು. ಬೇಸರದ ಕೆಲಸ ಅಂದುಕೊಂಡಿದ್ದೆ. ನಿಜವಾಗಿ ನೋಡಿದರೆ ಮೂರು ತಿಂಗಳಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಇದೇ ಆಯಿತು. ಪೆನ್ಸಿಲ್ ಮಾಸಿ ನನಗೆ ಓದಲಾಗದ್ದನ್ನು ಅವ್ವ ಓದುತ್ತಿದ್ದಳು. ಅಕ್ಷರ ನೋಡಿ ಅಲ್ಲ, ತಾರೀಖು ನೋಡಿ. "ಹಾ, ಅವತ್ತು ಛತ್ರಿ ಎಲ್ಲೋ ಬಿಟ್ಟು ತೊಯಿಸಿಕೊಂಡು ಬಂದಿದ್ರು. ಸಿಡಿ ಮಾತ್ರ ಅಂಗಿಯೊಳಗ ಇಟ್ಕೊಂಡಿದ್ರು." ನೋಡಿದರೆ ಕಾಗದದ ಮೇಲೆ ಮಾಸಿದ್ದ ಆ ಪದ "ಛತ್ರಿ" ಅಂತಲೇ ಇತ್ತು.

ಐದನೇ ಸಾಲಿನ ಕೊನೆಗೆ ಒಂದು ಸಿಡಿಗೆ ಕವರ್ ಇರಲಿಲ್ಲ. ಅಂಗಡಿಯದ್ದಲ್ಲ, ಮನೆಯಲ್ಲಿ ಬರೆದ ಸಿಡಿ-ಆರ್. 1994ರಲ್ಲಿ ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ ನಡೆದ ಬೈಠಕ್. ಹಾಡಿದವರು ಒಬ್ಬ ಸಂಗೀತದ ಮೇಷ್ಟ್ರು, ಊರಾಚೆ ಹೆಸರಾದವರಲ್ಲ. ಅಪ್ಪನ ಗೆಳೆಯರು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. 2003ರಲ್ಲಿ ಅವರ ಮಗ ಅದನ್ನು ಸಿಡಿಗೆ ಹಾಕಿ ಅಂಚೆಯಲ್ಲಿ ಕಳಿಸಿದ್ದ. ಆ ಮನೆ ಮಾರಿದಾಗ ಕ್ಯಾಸೆಟ್ ಹೋಯಿತು. ಇದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಜಗತ್ತಿನಲ್ಲಿ ಇದ್ದದ್ದು ಇದೊಂದೇ.

ಅಂಗಡಿಯ ಸಿಡಿಯಲ್ಲಿ ಧ್ವನಿ ಪ್ಲಾಸ್ಟಿಕ್ಕಿನ ಮೇಲೆ ಒತ್ತಿದ ಗುಳಿಗಳಾಗಿ ಇರುತ್ತದೆ. ಸಿಡಿ-ಆರ್‌ನಲ್ಲಿ ಹಾಗಲ್ಲ, ಒಂದು ಬಣ್ಣದ ಪದರವನ್ನು ಲೇಸರ್ ಸುಟ್ಟು ಗುರುತು ಮಾಡಿರುತ್ತದೆ. ಆ ಬಣ್ಣ ಬೆಳಕಿಗೆ, ಬಿಸಿಗೆ, ತೇವಕ್ಕೆ ಮಾಸುತ್ತದೆ. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ನೋಡಿದೆ. ನಡುವೆ ಹಸಿರು ಮಿಶ್ರಿತ ನೀಲಿ ಚೆನ್ನಾಗಿಯೇ ಇತ್ತು. ಅಂಚಿನಿಂದ ಒಂದು ಬೆರಳಿನಷ್ಟು ಒಳಗೆ ಬಣ್ಣ ತಿಳಿಯಾಗಿತ್ತು. ಹೆಸರು ಬರೆದ ಬದಿಯ ಮೆರುಗು ಅಲ್ಲಲ್ಲಿ ಎದ್ದು ಸೂಜಿ ತೂತಿನಂತೆ ಬೆಳಕು ಬರುತ್ತಿತ್ತು. ಸಿಡಿಯನ್ನು ಓದುವುದು ನಡುವಿನಿಂದ ಹೊರಕ್ಕೆ. 72 ನಿಮಿಷದ ಆ ಸಿಡಿಯಲ್ಲಿ ಅಂಚಿಗೆ ಇದ್ದದ್ದು ಐದನೇ ಟ್ರ್ಯಾಕ್. ಕೊನೆಯ ಭೈರವಿ.

ಮೊದಲ ನಾಲ್ಕು ಟ್ರ್ಯಾಕ್ ಬಂದವು. ನಾಲ್ಕನೆಯದಕ್ಕೆ ಒಂದು ಇಡೀ ರಾತ್ರಿ ಬೇಕಾಯಿತು. ಐದನೆಯದಕ್ಕೆ ಡ್ರೈವ್ ಬದಲಾಯಿಸಿದೆ, ವೇಗ ಕಡಿಮೆ ಮಾಡಿದೆ, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ನೋಡಿದೆ, ಗೆಳತಿಯ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲೂ ಹಾಕಿದೆ. ಬರಲಿಲ್ಲ.

ಆಮೇಲೆ ನೆನಪಾಯಿತು. 2006ರ ಫೋಲ್ಡರ್. ಆಗ ಆ ಸಿಡಿಗೆ ಮೂರೇ ವರ್ಷ. ಹುಡುಕಿದೆ. "ಟ್ರ್ಯಾಕ್ 05", 128 ಕೆಬಿಪಿಎಸ್, 10 ಎಂಬಿ ಚಿಲ್ಲರೆ. 11 ನಿಮಿಷದ ಭೈರವಿ ಪೂರ್ತಿ ಇತ್ತು.

ಅವತ್ತು ಇನ್ನೊಂದು ಆಯ್ಕೆ ಒತ್ತಿದ್ದರೆ ಈ ಭೈರವಿ ಇದ್ದ ಹಾಗೇ ಇರುತ್ತಿತ್ತು. ಫ್ಲ್ಯಾಕ್ ಆಗಲೇ ಬಂದು ಐದು ವರ್ಷ ಆಗಿತ್ತು. ಆದರೆ ಅವತ್ತು ಏನನ್ನೂ ಮಾಡದೆ ಇದ್ದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಎರಡೂ ನಿಜ. ಎರಡನ್ನೂ ಇಟ್ಟುಕೊಂಡು ಅವತ್ತು ಬಹಳ ಹೊತ್ತು ಕೂತಿದ್ದೆ.

ಎಲ್ಲ ಒಂದೇ ಥರ ಇರಲಿ ಅಂತ ಆ ಎಂಪಿ3ಯನ್ನೂ ಫ್ಲ್ಯಾಕ್ ಮಾಡಿಡು ಅಂತ ತಮ್ಮ ಫೋನಿನಲ್ಲಿ ಹೇಳಿದ. ಮಾಡಲಿಲ್ಲ. ಮಾಡಿದರೆ ಫೈಲ್ ಐದಾರು ಪಟ್ಟು ದೊಡ್ಡದಾಗುತ್ತದೆ, ಹೋದದ್ದು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಂದೆ ಯಾರೋ ನೋಡಿ ಇದು ಸಿಡಿಯಿಂದ ನೇರ ಬಂದದ್ದು ಅಂದುಕೊಳ್ಳುತ್ತಾರೆ. ಹಾಗಾಗಿ ಎಂಪಿ3 ಎಂಪಿ3ಯಾಗಿಯೇ ಇದೆ. ಟಿಪ್ಪಣಿಯ ಖಾನೆಯಲ್ಲಿ ಹೀಗೆ ಬರೆದೆ: "ಮೂಲ ಸಿಡಿ ಓದಲಾಗಲಿಲ್ಲ. 2006ರಲ್ಲಿ ಮಾಡಿದ ಪ್ರತಿ." ಫೋಲ್ಡರಿನಲ್ಲಿ ನಾಲ್ಕು ಫ್ಲ್ಯಾಕ್, ಒಂದು ಎಂಪಿ3.

ಕೊನೆಗೆ ಎಲ್ಲ ಸೇರಿ 128 ಜಿಬಿ ಆಯಿತು. ಮೂರು ಪ್ರತಿ ಮಾಡಿದೆ. ಒಂದು ಇಲ್ಲಿ, ಒಂದು ತಮ್ಮನ ಬೆಂಗಳೂರಿನ ಮನೆಯಲ್ಲಿ, ಒಂದು ಬ್ಯಾಂಕ್ ಲಾಕರಿನಲ್ಲಿ ಅವ್ವನ ಬಳೆಗಳ ಪಕ್ಕ. ಸಿಡಿಗಳು ಕಪಾಟಿನಲ್ಲೇ ಇವೆ. ತೆಗೆಯುವ ಯೋಚನೆ ಇಲ್ಲ.

ಹೋದ ಶನಿವಾರ ಸಂಜೆ ಆ ಬೈಠಕ್ ಹಚ್ಚಿದೆ. ಅವ್ವ ಪೇಪರ್ ಹಾಸಿಕೊಂಡು ಮೆಂತ್ಯ ಪಲ್ಲೆ ಬಿಡಿಸುತ್ತಿದ್ದಳು. ಸುಮಾರು ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ನಾಲ್ಕನೆಯದು ಮುಗಿದು ಐದನೆಯದು ಬಂತು. ಅವ್ವ ತಲೆ ಎತ್ತಿದಳು.

"ಇಲ್ಲೇನೋ ಬ್ಯಾರೆ ಆತಲ್ಲ?"

"ಹೌದವ್ವಾ, ಇದು ಹಳೇದು. ನಾ ಮದ್ಲ ಮಾಡಿದ್ದು."

ಅವಳು ಮತ್ತೆ ಪಲ್ಲೆ ಬಿಡಿಸತೊಡಗಿದಳು. ಭೈರವಿ ಮುಗಿಯಿತು. ಚಪ್ಪಾಳೆ. 128ರಲ್ಲಿ ಚಪ್ಪಾಳೆ ಚಪ್ಪಾಳೆಯಂತೆ ಇರುವುದಿಲ್ಲ. ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಒಂದೇ ಸದ್ದು, ಕೈಗಳು ಬೇರೆ ಬೇರೆಯಾಗಿ ಕೇಳುವುದಿಲ್ಲ. ಆ ಸದ್ದಿನ ಕೆಳಗೆ ಒಂದು ದನಿ, ಮೈಕಿನಿಂದ ದೂರದಲ್ಲಿ, ಅಂಚೆಲ್ಲ ಕರಗಿಹೋದದ್ದು: "ಆಹಾ. ಬರೋಬ್ಬರಿ."

ಅವ್ವನ ಕೈ ನಿಂತಿತು.

"ಇನ್ನೊಮ್ಮೆ ಹಚ್ಚು," ಅಂದಳು.

ಹತ್ತು ಸೆಕೆಂಡು ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದೆ.